ನಾನು ತಪ್ಪು ತೋರಿಸಿದ ಮೂವತ್ತೆರಡು ಪುಟಗಳು

ಮಾಸ್ತರ ಹೆಂಡತಿ ಅಕ್ಕೋರ ಫೋನು ಬಂದಾಗ ನಾನು ಗಾಜು ಕೊಯ್ಯುತ್ತಿದ್ದೆ. ಗಾಜಿನ ಮೇಲೆ ವಜ್ರದ ಮೊನೆ ಇಟ್ಟ ಮೇಲೆ ಆಚೀಚೆ ನೋಡಬಾರದು, ಫೋನಂತೂ ಮುಟ್ಟಲೇಬಾರದು. ಫ್ರೇಮಿನ ಕೆಲಸ ಕಲಿಯಲು ಬಂದವರಿಗೆ ನಾನು ಮೊದಲ ದಿನವೇ ಹೇಳುವ ಮಾತಿದು. ಆದರೆ ಅದು ಯಲ್ಲಾಪುರದ ನಂಬರು. ಆ ಕಡೆಯಿಂದ ಬರುವ ಫೋನನ್ನು ಬಿಡುವ ಸ್ಥಿತಿಯಲ್ಲಿ ಆ ವಾರ ನಾನಿರಲಿಲ್ಲ.

"ತಂಗೀ, ನಾನು. ನಮ್ಮನೆ ಫೋನು ಸತ್ತು ಐದು ದಿನ ಆತು, ರಸ್ತೆ ಅಗೆಯೋರು ಕೇಬಲ್ ಕಡಿದು ಹಾಕಿದ್ದ. ಯಲ್ಲಾಪುರಕ್ಕೆ ಅಣ್ಣನ ಮನೆಗೆ ಬಂದಿದ್ದೆ, ಇಲ್ಲಿಂದ ಮಾಡ್ತಾ ಇದ್ದೆ. ನೀ ಸೋಮವಾರ ಬತ್ತೆ ಅಲ್ದಾ? ಬರುವಾಗ ಶಿರಸಿಯಿಂದ ಎರಡು ಚೊಲೋ ರಬ್ಬರ್ ತಗಂಡು ಬಾ. ಇಲ್ಲಿ ಸಿಗೋದು ಹಾಳೆಗೆ ಕಪ್ಪು ಹಿಡಿಸ್ತಡ."

"ರಬ್ಬರ್ ಯಾಕ್ರೀ ಅಕ್ಕೋರೇ?"

"ಇವರಿಗೆ. ಮೂರು ದಿನದಿಂದ ಅದೇ ಕೆಲಸ. ನೀ ತೋರಿಸಿದ ತಪ್ಪೆಲ್ಲ ಸರಿ ಮಾಡ್ತಾ ಕೂತಿದ್ರು. ನೀಲಿ ಗೆರೆ ಅಳಿಸೋದು, ಬಿಳಿ ಬಣ್ಣ ಬ್ಲೇಡಿನಲ್ಲಿ ಕೆರೆಯೋದು. ಊಟಕ್ಕೆ ಕರೆದ್ರೂ ಏಳೂದಿಲ್ಲೆ. ಕೊಂಡುಕೊಳ್ಳೋರ ಎದುರು ಮರ್ಯಾದೆ ಹೋಗ್ಲಾಗ ಅಂತಾರೆ."

ಕೈಯಲ್ಲಿದ್ದ ಗಾಜು ಗೆರೆ ಬಿಟ್ಟು ಒಡೆಯಿತು. ನನಗೆ ಆಗ ಬಾಯಿಂದ ಬಂದ ಮಾತು ಏನು ಅಂದರೆ, "ಆಯ್ತ್ರಿ, ತರ್ತೀನಿ." ಅಷ್ಟೇ. ಫೋನು ಇಟ್ಟೆ.

ಯಾಕೆ ಹಾಗಂದೆ ಎಂದು ಈಗಲೂ ನಾಚಿಕೆಯಾಗುತ್ತದೆ. ನಿಲ್ಲಿಸಿ ಅನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ರೇಟು ಏರುತ್ತದೆ. ಇಪ್ಪತ್ತೈದು ವರ್ಷ ವ್ಯಾಪಾರ ಮಾಡಿದ ನಾಲಿಗೆ, ಮನಸ್ಸಿಗಿಂತ ಮುಂಚೆ ಲೆಕ್ಕ ಹಾಕಿಬಿಟ್ಟಿತು. ಅರ್ಧ ನಿಮಿಷದಲ್ಲಿ ಬುದ್ಧಿ ಬಂದು ಅದೇ ನಂಬರಿಗೆ ತಿರುಗಿ ಮಾಡಿದೆ. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಅವರೆಲ್ಲ ಎಲ್ಲಿಗೋ ಹೊರಟ ಗಡಿಬಿಡಿಯಲ್ಲಿ ಮಾಡಿದ ಫೋನಿರಬೇಕು. ಮಾಸ್ತರ ಊರಲ್ಲಿ ಮೊಬೈಲಿಗೆ ರೇಂಜ್ ಇಲ್ಲ. ಅವರ ಹತ್ತಿರ ಮೊಬೈಲೂ ಇಲ್ಲ. ಅಂಗಡಿಯ ಶಟರ್ ಎಳೆದು ಬಸ್‌ಸ್ಟ್ಯಾಂಡಿಗೆ ನಡೆದೆ. ಓಡಿದೆ ಅಂದರೂ ಸುಳ್ಳಲ್ಲ.

ಇದು ಏನು ಸಾಮಾನು, ಇಷ್ಟು ಗಾಬರಿ ಯಾಕೆ ಅಂತ ನಿಮಗೆ ಹೇಳಬೇಕು.

ನಾನು ಬನವಾಸಿ ಕಡೆಯವಳು. ಅವ್ವ ಅನಾನಸು ಬುಟ್ಟಿ ಹೊತ್ತು ಶಿರಸಿಗೆ ಬರುತ್ತಿದ್ದಳು, ಹಿಂದೆ ನಾನು. ಕೊಳ್ಳುವವರು ಮೊದಲು ಹಣ್ಣಿಗೆ ಹೆಬ್ಬೆರಳು ಒತ್ತುತ್ತಿದ್ದರು. ಇದು ಮೆತ್ತಗೆ, ಇದು ಹುಳಿ, ಇದರ ಕಣ್ಣು ಕಪ್ಪು. ಹತ್ತು ತಪ್ಪು ಹೇಳಿ, ಎದ್ದು ಹೋಗುವ ಹಾಗೆ ಮಾಡಿ, ತಿರುಗಿ ಬಂದು ಅದೇ ಹಣ್ಣನ್ನು ಒಯ್ಯುತ್ತಿದ್ದರು. ಅಲ್ಲಿ ನಾನು ಕಲಿತಿದ್ದು ಇದು: ಬೇಕಾದ ವಸ್ತುವನ್ನು ಹೊಗಳಬಾರದು. ಕಣ್ಣು ಕೂಡ ಅದರ ಮೇಲೆ ಜಾಸ್ತಿ ಹೊತ್ತು ನಿಲ್ಲಬಾರದು. ಈ ಒಂದು ಪಾಠದ ಮೇಲೆ ನಾನು ಅಂಗಡಿ ಕಟ್ಟಿದೆ. ಮೊದಲು ಹಳ್ಳಿ ಹಳ್ಳಿ ತಿರುಗಿ ಗಾಜು ಒಡೆದ ಹಳೇ ಫ್ರೇಮುಗಳನ್ನು ಕೊಂಡು ತಂದು, ಸರಿ ಮಾಡಿ ಮಾರಿದೆ. ಆಮೇಲೆ ಸ್ವಂತ ಮಳಿಗೆ.

ಒಂದು ಸಲ ಭೈರುಂಬೆ ಹತ್ತಿರದ ಮನೆಯಿಂದ ಬಂದ ದೇವರ ಪಟವನ್ನು ಬಿಚ್ಚಿದೆ. ಹಿಂದೆ ಹಲಗೆಯ ಬದಲು ದಪ್ಪ ಕಾಗದ ಕೊಟ್ಟಿದ್ದರು. ಹಳೇ ಕಾಲದ ಫ್ರೇಮಿನವರು ಗಟ್ಟಿ ಇರುವ ಏನು ಸಿಕ್ಕರೂ ಹಿಂದೆ ಕೊಡುತ್ತಿದ್ದರು, ಕ್ಯಾಲೆಂಡರು, ಸಿಹಿತಿಂಡಿ ಡಬ್ಬಿ, ಮದುವೆ ಕಾಗದ. ಈ ಕಾಗದವನ್ನು ತಿರುಗಿಸಿದರೆ ಒಂದು ಪುಟದ ತಮಾಷೆ ಚಿತ್ರಕಥೆ. ಒಬ್ಬ ಕ್ಷೌರಿಕ, ಒಂದು ಮೇಕೆ, ಎಂಟು ಚೌಕಗಳು. ಅಚ್ಚಾದದ್ದಲ್ಲ, ಕೈಯಲ್ಲೇ ಬರೆದದ್ದು. ಮೇಕೆಯ ಗಡ್ಡದ ಒಂದೊಂದು ಕೂದಲಿಗೂ ನಿಬ್ಬು ಕಾಗದದ ಮೇಲೆ ಊರಿದ್ದು ಬೆರಳಿಗೆ ಸಿಗುತ್ತಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಾನು ಒಬ್ಬಳೇ ಕೂತು ನಕ್ಕೆ. ಪುಟದ ಹಿಂದೆ ಒಂದು ಮಕ್ಕಳ ಪತ್ರಿಕೆಯ ರಬ್ಬರ್ ಮುದ್ರೆ, ಕೆಳಗೆ 'ದಯವಿಟ್ಟು ಮರಳಿಸಿ' ಎಂದು ಅದನ್ನು ಬರೆದ ಶಾಲಾ ಮಾಸ್ತರ ಹೆಸರು, ಊರು.

ಸಿದ್ದಾಪುರದಲ್ಲಿ ಮುದ್ರಣಾಲಯ ನಡೆಸಿ ಬಿಟ್ಟ ಒಬ್ಬರು ಆ ಪುಟ ನೋಡಿ ನನಗೆ ಅಕ್ಷರಾಭ್ಯಾಸ ಮಾಡಿಸಿದರು. ಚಿತ್ರಕಥೆಯನ್ನು ದೊಡ್ಡದಾಗಿ ಬರೆದು, ಅಚ್ಚಿಗೆ ಚಿಕ್ಕದು ಮಾಡುತ್ತಿದ್ದರಂತೆ. ಮೊದಲು ನೀಲಿ ಪೆನ್ಸಿಲ್ಲಿನಲ್ಲಿ ರೂಪ ಹಾಕುವುದು, ಯಾಕೆಂದರೆ ಪ್ರೆಸ್ಸಿನ ಕ್ಯಾಮೆರಾಕ್ಕೆ ತಿಳಿನೀಲಿ ಕಾಣುವುದಿಲ್ಲ, ಅಳಿಸುವ ಕೆಲಸ ತಪ್ಪುತ್ತದೆ. ಅದರ ಮೇಲೆ ಕಪ್ಪು ಇಂಕು. ತಪ್ಪಿದಲ್ಲಿ ಬಿಳಿ ಬಣ್ಣ. ಮಾತುಗಳನ್ನು ಬೇರೆ ಚೀಟಿಯಲ್ಲಿ ಬರೆದು ಬಾಯಿಯ ಪಕ್ಕದ ಗುಳ್ಳೆಯೊಳಗೆ ಅಂಟಿಸುವುದು. ಅಚ್ಚಾದ ಪುಸ್ತಕದಲ್ಲಿ ಇದ್ಯಾವುದೂ ಇರುವುದಿಲ್ಲ. ಬರೆದವನು ಎಲ್ಲಿ ಅನುಮಾನಿಸಿದ, ಎಲ್ಲಿ ಮನಸ್ಸು ಬದಲಿಸಿದ, ಎಲ್ಲಿ ಒಂದೇ ಉಸಿರಿಗೆ ಎಳೆದ, ಅದೆಲ್ಲ ಇರುವುದು ಈ ಮೂಲ ಹಾಳೆಯಲ್ಲಿ ಮಾತ್ರ. ಆಮೇಲೆ ಮೊಬೈಲಿನ ಗುಂಪುಗಳನ್ನು ಸೇರಿದೆ. ಮುಂಬೈಯವರು, ಪುಣೆಯವರು ಇಂಥ ಹಾಳೆಗಳನ್ನು ಒರಿಜಿನಲ್ ಎಂದು ಕರೆದು, ಹುಡುಕಿ ಹುಡುಕಿ ಕೊಳ್ಳುವುದನ್ನು ನೋಡಿದೆ. ನಾನೂ ಹುಡುಕತೊಡಗಿದೆ. ಮೊದಮೊದಲು ಮಾರಲಿಕ್ಕೆ. ಆದರೆ ಆ ಮೇಕೆಯನ್ನು ಇವತ್ತಿನವರೆಗೆ ಮಾರಲಿಲ್ಲ.

ನೀವೂ ಇಂಥದ್ದು ಕೊಳ್ಳುವುದಾದರೆ ಒಂದು ಮಾತು. ಹಾಳೆಯನ್ನು ಬೆಳಕಿಗೆ ಎದುರು ಹಿಡಿಯಬೇಡಿ, ಓರೆಯಾಗಿ ಹಿಡಿಯಿರಿ. ಬಿಳಿ ಬಣ್ಣ ಉಬ್ಬಿ ಕಾಣಬೇಕು, ನೀಲಿ ಗೆರೆ ಇಂಕಿನ ಅಡಿಯಲ್ಲಿ ಇರಬೇಕು, ಅಂಟು ಹಳದಿಯಾಗಿರಬೇಕು. ತೀರಾ ಸ್ವಚ್ಛ ಇದ್ದರೆ ಅನುಮಾನ ಪಡಿ. ಕಲೆ ಇರುವುದೇ ಬೆಲೆ.

ಈ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಆ ಹಿಂದಿನ ಸೋಮವಾರ, ಮೇಕೆಯ ಪುಟದ ಹಿಂದಿದ್ದ ಊರಿಗೆ ಹುಡುಕಿಕೊಂಡು ಹೋಗಿ, ಮಾಸ್ತರ ಜಗಲಿಯಲ್ಲಿ ಕೂತು ನಾನು ಏನು ಮಾಡಿದೆ ಕೇಳಿ.

ಅವರು ಒಳಗಿಂದ ಒಂದು ಕಬ್ಬಿಣದ ಪೆಟ್ಟಿಗೆ ತಂದು, ಮೂವತ್ತೆರಡು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಒಂದು ಇಡೀ ಕಥೆ. ಹಳೇ ಕಾಲದಲ್ಲಿ ಟಪಾಲಿನ ಚೀಲ ಹೊತ್ತು ಅರಬೈಲ್ ಘಟ್ಟ ಇಳಿದು ಓಡುತ್ತಿದ್ದ ಒಬ್ಬ ಟಪಾಲಿನವನ ಕಥೆ. ಕಾಡು, ಕತ್ತಲೆ, ಹೊಳೆ, ಒಂದು ಹುಲಿ. ಮೊದಲ ಹಾಳೆಯೇ ಸಾಕಾಯಿತು. ಅಷ್ಟು ಒಳ್ಳೆಯ ಕೆಲಸ ನಾನು ಯಾವ ಗುಂಪಿನಲ್ಲೂ ನೋಡಿರಲಿಲ್ಲ. ಹಾಗಾಗಿಯೇ ಮುಖ ಗಂಟು ಹಾಕಿದೆ.

"ಮಾಸ್ತರೇ, ಇಲ್ಲಿ ನೀಲಿ ಗೆರೆ ಹಂಗೇ ಬಿಟ್ಟೀರಲ್ರಿ, ಅಳಿಸೇ ಇಲ್ಲ," ಅಂದೆ. "ಇಲ್ಲಿ ಬಿಳಿ ಮೆತ್ತಿದ್ದು ಕಾಣ್ತದೆ. ಮಾತಿನ ಚೀಟಿ ಹಳದಿ ಆಗ್ಯಾವು. ಇಂಕು ಕಂದು ತಿರುಗಿದೆ. ಅಂಚಿನಾಗ ಯಾರೋ ಗೀಚ್ಯಾರೆ. ಕೊಳ್ಳೋರು ಇದೆಲ್ಲ ನೋಡ್ತಾರ್ರಿ."

ಮಾಸ್ತರು ಪ್ರತಿ ಸಲವೂ ಕನ್ನಡಕ ಸರಿ ಮಾಡಿ ಬಗ್ಗಿ ನೋಡಿದರು. ವಾದ ಮಾಡಲಿಲ್ಲ. ನಾನು ಒಂದು ರೇಟು ಹೇಳಿದೆ, ಪುಟಕ್ಕೆ ಇಷ್ಟು ಅಂತ. ಅದು ನ್ಯಾಯದ ರೇಟಿನ ಮೂರನೇ ಒಂದು ಪಾಲು ಮಾತ್ರ. ಅವರು ಏರಿಸುತ್ತಾರೆ, ನಾನು ಸ್ವಲ್ಪ ಏರಿಸುತ್ತೇನೆ, ನಡುವೆ ಎಲ್ಲೋ ನಿಲ್ಲುತ್ತದೆ. ಅದು ನನಗೆ ಗೊತ್ತಿರುವ ದಾರಿ. ಆದರೆ ಅವರು ಏರಿಸಲಿಲ್ಲ. "ಒಂದು ವಾರ ಬಿಟ್ಟು ಬಾ ತಂಗಿ," ಅಂದರು. ನಾನು ಅವಸರ ತೋರಿಸಬಾರದೆಂದು ಹಾಳೆಗಳನ್ನು ಅಲ್ಲೇ ಬಿಟ್ಟು ಎದ್ದೆ. ಬರುವಾಗ ಬಸ್ಸಿನಲ್ಲಿ ಗೆದ್ದೆ ಅಂದುಕೊಂಡೆ. ಮಾಸ್ತರು ಬೆಲೆ ಯೋಚಿಸಲು ವಾರ ಕೇಳಿದ್ದಾರೆ ಅಂತ ನನ್ನ ಎಣಿಕೆ. ಅವರು ವಾರ ಕೇಳಿದ್ದು ತಪ್ಪು ತಿದ್ದಲು.

ಈಗ ಅದೇ ದಾರಿಯ ಬಸ್ಸಿನಲ್ಲಿ ಮತ್ತೆ ಲೆಕ್ಕ ಹಾಕುತ್ತಿದ್ದೆ. ಮೂರು ದಿನ. ಒಂದು ಹಾಳೆಗೆ ಎಷ್ಟು ಹೊತ್ತು ಬೇಕು? ಗೆರೆ ಅಳಿಸಲು ಒಂದು ತಾಸು, ಬಿಳಿ ಕೆರೆಯಲು ಇನ್ನೊಂದು. ಮಾಸ್ತರು ನಿಧಾನ. ದಿನಕ್ಕೆ ನಾಲ್ಕು ಅಂದರೆ ಹನ್ನೆರಡು. ಇಲ್ಲ, ಅವರಿಗೆ ಎಂಬತ್ತರ ಹತ್ತಿರ, ಕೈ ನಡುಗುತ್ತದೆ, ದಿನಕ್ಕೆ ಎರಡು. ಆರು. ಊಟಕ್ಕೂ ಏಳುವುದಿಲ್ಲ ಅಂದರಲ್ಲ ಅಕ್ಕೋರು, ಹಾಗಾದರೆ ಹದಿನೈದು. ಮೊದಲಿನಿಂದ ಶುರು ಮಾಡಿದ್ದಾರೋ, ನಾನು ಜಾಸ್ತಿ ದೂರಿದ ಪುಟಗಳಿಂದಲೋ? ನಾನು ಜಾಸ್ತಿ ದೂರಿದ್ದು ಜಾಸ್ತಿ ಇಷ್ಟವಾದವನ್ನು. ಹನ್ನೊಂದನೇ ಪುಟದಲ್ಲಿ ಟಪಾಲಿನವನ ಮುಖಕ್ಕೆ ಬಿಳಿ ಬಳಿದು ಮತ್ತೆ ಬರೆದಿದ್ದರು. ಅಡಿಯಲ್ಲಿ ಮೊದಲಿನ ಮುಖ ಹಿಂದೆ ತಿರುಗಿ ನೋಡುತ್ತಿತ್ತು, ಮೇಲಿನ ಮುಖ ಮುಂದೆ ನೋಡುತ್ತಿತ್ತು. ಓರೆ ಬೆಳಕಲ್ಲಿ ಎರಡೂ ಕಾಣುತ್ತಿದ್ದವು. ಹುಲಿ ಹಿಂದೆ ಬರುತ್ತಿದೆ ಎಂದು ಗೊತ್ತಿದ್ದವನು ತಿರುಗಿ ನೋಡಬಾರದು ಅಂತ ಮಾಸ್ತರು ಬರೆಯುತ್ತ ಬರೆಯುತ್ತ ನಿರ್ಧಾರ ಮಾಡಿದ ಜಾಗ ಅದು. ಆ ಬಿಳಿಯನ್ನು ನಾನು 'ಗೋಡೆಗೆ ಸುಣ್ಣ ಬಳಿದಂಗೆ' ಅಂದಿದ್ದೆ.

ಯಲ್ಲಾಪುರದಲ್ಲಿ ಇಳಿದು ಅಂಕೋಲೆ ಬಸ್ಸು ಕೇಳಿದರೆ, ಈಗಷ್ಟೇ ಹೋಯಿತು ಅಂದರು. ಮುಕ್ಕಾಲು ತಾಸು ಕಾದೆ. ನನ್ನ ಜೀವಮಾನದಲ್ಲಿ ಬಾಡಿಗೆ ರಿಕ್ಷಾದವನ ಹತ್ತಿರ ಚೌಕಾಸಿ ಮಾಡದೆ ಹತ್ತಿದವಳಲ್ಲ. ಅವತ್ತು ಕೇಳಿದಷ್ಟು ಕೊಡುತ್ತೇನೆ ಅಂತ ಒಬ್ಬನನ್ನು ಕರೆದೆ, ಘಟ್ಟದ ಕಡೆ ಬರುವುದಿಲ್ಲ ಅಂದ. ಲಾರಿಗಳ ಧೂಳಿನಲ್ಲಿ ನಿಂತು ಬಸ್ಸು ಕಾಯುತ್ತ, ಮಾಸ್ತರಿಗೆ ಏನು ಹೇಳಬೇಕು ಅಂತ ನಾಲ್ಕು ಬಗೆ ಯೋಚಿಸಿದೆ. 'ಇನ್ನೊಬ್ಬ ಗಿರಾಕಿ ಸಿಕ್ಕಿದ್ದಾನೆ, ಅವನಿಗೆ ಕಲೆ ಇದ್ದರೂ ನಡೀತದೆ ಅಂತೆ' ಅನ್ನಬಹುದು. ಅದರಲ್ಲಿ ನನ್ನ ಮಾನವೂ ಉಳಿಯುತ್ತದೆ, ರೇಟೂ ಉಳಿಯುತ್ತದೆ. ಒಳ್ಳೆಯ ಮಾತು ಅನ್ನಿಸಿತು. ಬಸ್ಸು ಇಳಿಯುವವರೆಗೂ ಅದನ್ನೇ ಹೇಳುವುದು ಅಂತಿದ್ದೆ.

ಮಾಸ್ತರು ಜಗಲಿಯಲ್ಲೇ ಇದ್ದರು. ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು, ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ಕೂತಿದ್ದರು. ಬಲಗೈ ನಡುಗದಿರಲೆಂದು ಎಡಗೈಯಿಂದ ಮಣಿಕಟ್ಟು ಹಿಡಿದಿದ್ದರು. ಕೈಯಲ್ಲಿ ಅರ್ಧ ಮುರಿದ ಶೇವಿಂಗ್ ಬ್ಲೇಡು.

"ಸೋಮವಾರ ಅಲ್ದಾ ಹೇಳಿದ್ದು?" ಅಂದರು. "ಮುಗೀಲಿಲ್ಲೆ ಇನ್ನೂ."

"ಮಾಸ್ತರೇ, ಬ್ಲೇಡು ಕೆಳಗಿಡ್ರಿ."

"ಇದೊಂದು ಮೂಲೆ ಇದ್ದು."

"ಕೈ ಮುಗೀತೀನಿ, ಇಡ್ರಿ ಮೊದಲು."

ಅವರು ಬ್ಲೇಡು ಇಟ್ಟು ನನ್ನನ್ನೇ ನೋಡಿದರು. ನಾನು ಮೇಜಿನ ಮೇಲೆ ನೋಡಿದೆ. ಮುಗಿದವು ಎಡಕ್ಕೆ, ಉಳಿದವು ಬಲಕ್ಕೆ. ಅವರ ಮುಂದಿದ್ದ ಹಾಳೆಯನ್ನೂ ಎಡಕ್ಕೆ ಸೇರಿಸಿ ಎಣಿಸಿದೆ. ಒಂಬತ್ತು. ಬೆಳ್ಳಗೆ, ಶಾಲೆಯಲ್ಲಿ ಬಹುಮಾನ ಬಂದ ಹುಡುಗನ ಹಾಳೆಯ ಹಾಗೆ ಸ್ವಚ್ಛ. ನೀಲಿ ಒಂದು ಎಳೆಯೂ ಇಲ್ಲ. ಬಿಳಿ ಕೆರೆದಲ್ಲಿ ಕಾಗದ ಎದ್ದು ನೂಲು ನೂಲಾಗಿತ್ತು. ಕಂದಿದ ಇಂಕಿನ ಮೇಲೆ ಹೊಸ ಕಪ್ಪು ಪೆನ್ನಿನಲ್ಲಿ ತಿದ್ದಿದ್ದರು. ಹಳೇ ಗೆರೆ ಹರಿದು ಹೋಗುವಲ್ಲಿ ಹೊಸ ಗೆರೆ ಸಣ್ಣದಾಗಿ ಅದುರುತ್ತ ಹೋಗಿತ್ತು. ಚೀಟಿಗಳನ್ನು ಕಿತ್ತು, ಅಂಟು ತೊಳೆದು, ಒಂದು ಸ್ಟೀಲು ತಟ್ಟೆಯಲ್ಲಿ ಒಣಗಲು ಹರಡಿದ್ದರು. ಗುಳ್ಳೆಗಳು ಖಾಲಿ. ಕಾಡಿನಲ್ಲಿ ಎಲ್ಲರೂ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದ್ದರು.

ಒಂಬತ್ತರಲ್ಲಿ ಹನ್ನೊಂದನೆಯದೂ ಇತ್ತು. ಬಿಳಿಯ ಜೊತೆ ಎರಡು ಮುಖವೂ ಕೆರೆದು ಹೋಗಿದ್ದವು, ಮುಂದೆ ನೋಡುವುದೊಂದನ್ನೇ ಮತ್ತೆ ಬರೆದಿದ್ದರು, ಅದೂ ಅರ್ಧ.

"ನೀ ಹೇಳಿದ್ದೆಲ್ಲ ಖರೆ," ಅಂದರು ಮಾಸ್ತರು. "ನಲವತ್ತು ವರ್ಷ ಆನು ನೋಡೇ ಇದ್ದಿದ್ದಿಲ್ಲೆ. ನೀ ಹೇಳಿದ ಮೇಲೆ ಪೆಟ್ಟಿಗೆ ತೆಗೆದ್ರೆ ಬರೀ ಕಲೆಯೇ ಕಾಣ್ತು. ಇಂಥದ್ದನ್ನ ಅಚ್ಚಿಗೆ ಕಳಿಸಿದ್ದೆ ಹೇಳಿ ನಾಚಿಕೆ ಆತು."

ಬಸ್ಸು ಕಾಯುತ್ತ ಹೊಸೆದ ಗಿರಾಕಿಯ ಮಾತನ್ನು ಅಲ್ಲಿಗೇ ಬಿಟ್ಟೆ. ಈ ಮನುಷ್ಯನ ಮುಂದೆ ಇನ್ನೊಂದು ಸುಳ್ಳು ಹೇಳಿ ಹಾಳೆ ಉಳಿಸಬಹುದಿತ್ತು. ಆದರೆ ಅವರು ಮುಂದೆ ಪ್ರತಿ ಸಲ ಪೆಟ್ಟಿಗೆ ತೆರೆದಾಗ ಕಲೆಯನ್ನೇ ನೋಡುತ್ತಾರೆ. ಯಾರೂ ಇಲ್ಲದಾಗ ಮತ್ತೆ ರಬ್ಬರ್ ಹಿಡಿಯುತ್ತಾರೆ. ಹೇಳಿಬಿಟ್ಟೆ.

"ಮಾಸ್ತರೇ, ನಾನು ಅವತ್ತು ಹೇಳಿದ್ದು ರೇಟು ಇಳಿಸಾಕ. ನೀಲಿ ಗೆರೆ, ಬಿಳಿ ಬಣ್ಣ, ಹಳದಿ ಅಂಟು, ಇವೆಲ್ಲ ಇದ್ರೇನೇ ಬೆಲೆ. ನಾನು ನೋಡಿದ್ರಾಗ ಇದೇ ಚಲೋ ಕೆಲಸ. ನಾನು ಹೇಳಿದ ರೇಟಿಗೆ ಮೂರು ಪಟ್ಟು ಆಗಬೇಕು ಇದು."

ಅವರು ಮೇಲಿನ ಕನ್ನಡಕ ತೆಗೆದರು. ಆಮೇಲೆ ಮೆಲ್ಲಗೆ ಕೇಳಿದರು: "ಹಂಗಾರೆ ಅವತ್ತು ಸುಳ್ಳು ಹೇಳಿದ್ಯನೇ, ಇವತ್ತು ಸುಳ್ಳು ಹೇಳ್ತಾ ಇದ್ಯನೇ?"

"ಅವತ್ತು."

"ಅದು ನನಗೆ ಹ್ಯಾಂಗೆ ಗೊತ್ತಾಗವು? ಅವತ್ತೂ ನೀ ಇಷ್ಟೇ ಖರೆ ಹೇಳಿ ಮಾತಾಡಿದ್ದೆ. ಮುದುಕ ಹಾಳೆ ಹಾಳು ಮಾಡಿಕೊಂಡ, ಪಾಪ ಹೇಳಿ ಈಗ ಸಮಾಧಾನ ಮಾಡ್ತಾ ಇದ್ದೆ."

ಇಪ್ಪತ್ತೈದು ವರ್ಷ ದೂರುವುದರಲ್ಲಿ ಪಳಗಿದ್ದೆ. ಹೊಗಳಿ ನಂಬಿಸುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಮುಂಬೈಯವರು ಕೊಳ್ಳುತ್ತಾರೆ ಅಂದೆ, ಗುಂಪಿನ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಅವರು ನೋಡಿದರು, ಚೆನ್ನಾಗಿದೆ ಅಂದರು. ಅವರ ಕೈ ಮತ್ತೆ ಬ್ಲೇಡಿನ ಕಡೆ ಹೋಗುವುದನ್ನು ನಾನು ನೋಡುತ್ತಲೇ ಇದ್ದೆ. ಹಿಡಿಯಲಿಲ್ಲ, ಅದರ ಪಕ್ಕ ಬೆರಳು ಆಡಿಸುತ್ತಿದ್ದರು. ಕೊನೆಗೆ ಬಲಗಡೆಯ ಕಟ್ಟಿನಿಂದ ಒಂದು ಹಾಳೆ ಎಳೆದು ನನ್ನ ಮುಂದೆ ಇಟ್ಟರು.

"ಚೌಕಾಸಿ ಬದಿಗಿಡು. ಇದರಲ್ಲಿ ಎಂತ ತಪ್ಪಿದ್ದು, ಹೇಳು. ತಪ್ಪೇ ಇಲ್ಲೆ ಹೇಳಿರೆ ಆನು ನಂಬೂದಿಲ್ಲೆ."

ಟಪಾಲಿನವನು ಹೊಳೆ ದಾಟುವ ಪುಟ. ದೊಡ್ಡ ಚೌಕ. ಎರಡು ದಡಕ್ಕೆ ಅಡ್ಡ ಹಾಕಿದ ಮರದ ಸಂಕ, ಅಡಿಯಲ್ಲಿ ನೀರು ಸುಳಿ ಸುತ್ತುತ್ತಿದೆ. ಚೀಲ ತಲೆಯ ಮೇಲೆ, ಕಾಲಿಗೆ ಚಪ್ಪಲಿ ಇಲ್ಲ. ಹೋದ ಸೋಮವಾರ ಈ ಪುಟದ ಮುಂದೆ ನಾನು ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ಸುಮ್ಮನಿದ್ದೆ. ಇದರಲ್ಲಿ ಒಂದು ನಿಜವಾದ ತಪ್ಪಿತ್ತು. ಅದು ಅವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು, ನಾನು ಹೇಳಿರಲಿಲ್ಲ. ಯಾಕೋ ಆ ಒಂದು ತಪ್ಪನ್ನು ರೇಟಿಗೆ ಬಳಸಲು ಮನಸ್ಸಾಗಿರಲಿಲ್ಲ. ಈಗ ಹೇಳಿದರೆ ಅವರು ಅದನ್ನೂ ಕೆರೆಯಲು ಕೂತರೆ? ಹೇಳದಿದ್ದರೆ ನಂಬುವುದಿಲ್ಲ.

"ಕಾಲು," ಅಂದೆ. "ಎರಡೂ ಎಡಗಾಲು ಬರೆದೀರಿ. ಹೆಬ್ಬೆರಳು ಎರಡೂ ಕಡೆ ಒಂದೇ ಬದಿಗೆ ಅದಾವು."

ಮಾಸ್ತರು ಹಾಳೆಯ ಮೇಲೆ ಬಗ್ಗಲಿಲ್ಲ. ಕನ್ನಡಕವನ್ನೂ ಹಾಕಲಿಲ್ಲ. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ನಗು ಹೊರಗೆ ಬಂತು.

"ಪತ್ರಿಕೆ ಬಂದ ದಿನ ನೋಡಿದೆ ಆನು. ಸಂಪಾದಕಂಗೆ ಕಂಡಿದ್ದಿಲ್ಲೆ. ಓದಿದ ಮಕ್ಕೊಗೂ ಕಂಡಿದ್ದಿಲ್ಲೆ. ಶಾಲೆಯಲ್ಲಿ ಯಾರಾದ್ರೂ ಕೇಳ್ತ್ವೇನ ಹೇಳಿ ಒಂದು ತಿಂಗಳು ಹೆದರಿಕಂಡು ಇದ್ದಿದ್ದೆ. ನಲವತ್ತು ವರ್ಷಕ್ಕೆ ನೀ ಕೇಳಿದೆ."

"ಕಾಲು ಎರಡೂ ಎಡ ಆದ್ರೂ ಆತ ಬೀಳಾಂಗಿಲ್ರಿ ಮಾಸ್ತರೇ," ಅಂದೆ. "ನೋಡ್ರಿ, ಬೆನ್ನು ಹೆಂಗ ಬಗ್ಗಿಸ್ಯಾನ. ಭಾರ ಎಲ್ಲ ಬೆನ್ನಾಗ ಐತಿ. ನಾನು ಬುಟ್ಟಿ ಹೊತ್ತಾಕಿ, ನಂಗ ಗೊತ್ತು. ತಲಿ ಮ್ಯಾಲೆ ಭಾರ ಇಟ್ಕೊಂಡು ದಾಟೋರು ಕಾಲು ನೋಡಾಂಗಿಲ್ಲ."

ಊರ ಭಾಷೆ ತಾನಾಗಿ ಬಂದುಬಿಟ್ಟಿತ್ತು. ಅಂಗಡಿಯಲ್ಲಿ ನಾನು ಹಾಗೆ ಮಾತಾಡುವುದಿಲ್ಲ. ಮಾಸ್ತರು ಈಗ ಕನ್ನಡಕ ಹಾಕಿಕೊಂಡು ಆ ಬೆನ್ನನ್ನು ನೋಡಿದರು. ತಾವು ಬರೆದದ್ದಲ್ಲ, ಯಾರೋ ತಂದುಕೊಟ್ಟದ್ದು ಎಂಬ ಹಾಗೆ. ಇನ್ನೊಂದು ಹಾಳೆ ತೆಗೆದು ಇಟ್ಟರು. ಅದರಲ್ಲಿ ಏನು ಚಲೋ, ಏನು ಸುಮಾರು, ಕಂಡದ್ದು ಹೇಳಿದೆ. ಮತ್ತೊಂದು ಇಟ್ಟರು. ಹುಲಿಯ ಕಿವಿ ನಾಯಿ ಕಿವಿಯ ಹಾಗಿದೆ ಅಂದೆ, ಒಪ್ಪಿದರು. ಲಾಟೀನಿನ ಸುತ್ತ ಬರೆಯದೆ ಬಿಟ್ಟ ಬಿಳಿ ಜಾಗದಿಂದಲೇ ಬೆಳಕು ಬಂದಿದೆ ಅಂದೆ, ಆ ಹಾಳೆಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡರು. ಇಪ್ಪತ್ತಮೂರೂ ಹಾಗೆ ಆದವು. ಒಂದು ವಸ್ತುವಿನ ಮುಂದೆ ಕೂತು, ಬೆಲೆ ಮನಸ್ಸಿನಲ್ಲಿಟ್ಟುಕೊಳ್ಳದೆ ನಾನು ಮಾತಾಡಿದ್ದು ಅದೇ ಮೊದಲು. ಬಹಳ ಕಷ್ಟದ ಕೆಲಸ, ಸುಸ್ತಾಗುತ್ತದೆ.

ಆಮೇಲೆ ಸ್ಟೀಲು ತಟ್ಟೆಯ ಚೀಟಿಗಳು. ಎಲ್ಲ ಕಲಸಿ ಹೋಗಿದ್ದವು. ಅಡುಗೆಮನೆಯಿಂದ ಮೈದಾ ತಂದು ನೀರಲ್ಲಿ ಕುದಿಸಿ ತೆಳ್ಳಗೆ ಅಂಟು ಮಾಡಿದೆ. ಇದೊಂದು ನೆನಪಿಡಿ, ಪೇಟೆಯ ಬಿಳಿ ಗೋಂದನ್ನು ಹಳೇ ಕಾಗದಕ್ಕೆ ಹಚ್ಚಬೇಡಿ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಮೈದಾ ಅಂಟಾದರೆ ನೀರು ಸೋಕಿಸಿದರೆ ಎದ್ದು ಬರುತ್ತದೆ. ಮಾಸ್ತರು ಒಂದೊಂದೇ ಚೀಟಿ ಓದುವುದು, ಯಾರ ಬಾಯಿಯ ಮಾತು ಅಂತ ಹೇಳುವುದು, ನಾನು ಅಂಟಿಸುವುದು. ಕೆಲವು ಅವರಿಗೂ ಮರೆತಿದ್ದವು. "ಯಾರಿಗೂ ಹೇಳಬೇಡ" ಅನ್ನುವ ಚೀಟಿ ಟಪಾಲಿನವನದೋ, ಅವನನ್ನು ಇನ್ನೊಂದು ಹೊಳೆ ದಾಟಿಸುವ ದೋಣಿಯವನದೋ ಎಂದು ಇಬ್ಬರೂ ಬಹಳ ಹೊತ್ತು ಚರ್ಚೆ ಮಾಡಿ ದೋಣಿಯವನಿಗೆ ಕೊಟ್ಟೆವು. ಸರಿಯೋ ತಪ್ಪೋ ಗೊತ್ತಿಲ್ಲ.

ನಡುವೆ ಅಕ್ಕೋರು ನಾಲ್ಕರ ಬಸ್ಸಿಗೆ ಬಂದರು. ಮೆಟ್ಟಿಲಲ್ಲೇ ನಿಂತು ನಮ್ಮಿಬ್ಬರ ಕೈಯನ್ನೂ ನೋಡಿದರು.

"ನಾಳೆ ಪೂರಿಗೆ ಹೇಳಿ ಇಟ್ಟ ಮೈದಾ ಅದು."

"ಅರ್ಧ ಉಳದೈತ್ರಿ," ಅಂದೆ.

"ರಬ್ಬರ್ ತಂದ್ಯಾ?"

"ಇಲ್ಲ ಅಕ್ಕೋರೇ."

"ಬೇಕಾಗಿಲ್ಲೆ," ಅಂದರು ಮಾಸ್ತರು, ತಲೆ ಎತ್ತದೆ. "ಇವಳು ಅವತ್ತು ಹೇಳಿದ್ದು ಎಲ್ಲ ವ್ಯಾಪಾರದ ಮಾತಡ."

ಅಕ್ಕೋರು ಚೀಲ ಕೆಳಗಿಟ್ಟು, ಒಂಬತ್ತು ಹಾಳೆ ನೋಡಿ, ನನ್ನ ಮುಖ ನೋಡಿ, "ನಿನ್ನ ವ್ಯಾಪಾರಕ್ಕೆ ಇವರು ಮೂರು ದಿನ ಸಮ ಊಟ ಮಾಡಿದ್ವಿಲ್ಲೆ, ಗೊತ್ತಿದ್ದಾ?" ಅಂದರು. ಬೈದರು ಅನ್ನುವಂತಿಲ್ಲ. ಅವರೂ ಟೀಚರಾಗಿದ್ದವರು, ಶಾಲೆಯಲ್ಲಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವಾಗ ಹೀಗೇ ಹೇಳುತ್ತಿದ್ದರೇನೋ.

ಹೊರಡುವಾಗ ನಾನು ಪೂರ್ತಿ ರೇಟು ಹೇಳಿದೆ, ಮೂವತ್ತೆರಡಕ್ಕೂ. ಮಾಸ್ತರು ಬಲಗಡೆಯ ಇಪ್ಪತ್ತಮೂರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಎಡಗಡೆಯ ಒಂಬತ್ತನ್ನು ಹಳೇ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಉಳಿದದ್ದು ಕೊಡೂದಿಲ್ಲೆ. ಇವು ನಿನಗೆ. ನೀ ಹೇಳಿದ ಹಂಗೆ ಮಾಡಿದ ಮಾಲು, ನೀ ಹೇಳಿದ ರೇಟಿಗೆ."

"ಅದು ಕಡಿಮೆ ಆಗ್ತದ್ರಿ ಮಾಸ್ತರೇ."

"ಅವತ್ತು ಆಗಿದ್ದಿಲ್ಯಾ?"

ಹಳೇ ರೇಟಿನಲ್ಲೇ ಕೊಟ್ಟೆ. ಅವರು ಒಂದು ರೂಪಾಯಿಯೂ ಜಾಸ್ತಿ ತೆಗೆದುಕೊಳ್ಳಲಿಲ್ಲ. ಚೌಕಾಸಿಯಲ್ಲಿ ನಾನು ಹೇಳಿದ ಮೊದಲ ಮಾತಿಗೇ ಸಾಮಾನು ಸಿಕ್ಕಿದ್ದು ಇದೊಂದೇ ಸಲ. ಪೆಟ್ಟಿಗೆಯನ್ನು ನೆಲದಿಂದ ಮೇಲೆ ಇಡಿ, ಒಳಗೆ ಬೂಷ್ಟು ಹಿಡಿಯದ ಹಾಗೆ ತಿಂಗಳಿಗೊಮ್ಮೆ ತೆರೆದು ಗಾಳಿ ತೋರಿಸಿ ಅಂತ ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅದರಿಂದ ಇನ್ನೇನು ಮಾಡಿಯಾರೋ ಎಂದು ಹೆದರಿ ನುಂಗಿಕೊಂಡೆ.

ನಿಮಗೆ ಹ್ಯಾಗೂ ಹೇಳುತ್ತೇನೆ. ಗುಜರಿಯವನ ಹತ್ತಿರ ದೂರಿ, ದಲ್ಲಾಳಿಯ ಹತ್ತಿರ ಬೇಕಾದಷ್ಟು ದೂರಿ, ಅವರಿಗೆ ಅದು ತಾಗುವುದಿಲ್ಲ. ಮಾರುವವನೇ ಮಾಡಿದವನಾದರೆ ದೂರಬೇಡಿ. ರೇಟು ಕಡಿಮೆ ಮಾಡಿ ಎಂದು ನೇರವಾಗಿ ಕೇಳಿ, ಕೊಟ್ಟರೆ ಕೊಟ್ಟರು. ಅವನ ಕೆಲಸದ ಮೇಲೆ ಹೆಬ್ಬೆರಳು ಒತ್ತಬೇಡಿ.

ಆ ಒಂಬತ್ತು ಹಾಳೆಗಳಿಗೆ ನಾನು ಫ್ರೇಮು ಹಾಕಲಿಲ್ಲ, ಗುಂಪಿನಲ್ಲೂ ತೋರಿಸಲಿಲ್ಲ. ಅಂಗಡಿಯ ಮೇಲಿನ ಕಪಾಟಿನಲ್ಲಿ ಚಪ್ಪಟೆ ಡಬ್ಬಿಯಲ್ಲಿವೆ. ಆಗಾಗ ಹನ್ನೊಂದನೆಯದನ್ನು ಓರೆ ಬೆಳಕಿಗೆ ಹಿಡಿಯುತ್ತೇನೆ. ಹಿಂದೆ ನೋಡುವ ಮುಖ ಎಲ್ಲಾದರೂ ಒಂದೆಳೆ ಉಳಿದಿದೆಯೋ ಅಂತ. ಇಲ್ಲ.

ಮಾಸ್ತರ ಮನೆಯ ಫೋನು ಹದಿನೈದು ದಿನದ ಮೇಲೆ ಸರಿಯಾಯಿತು. ಈಗ ವಾರಕ್ಕೊಮ್ಮೆ ನಾನೇ ಮಾಡುತ್ತೇನೆ. ಮೊನ್ನೆ ಅಕ್ಕೋರು ಎತ್ತಿದರು.

"ಮಾಸ್ತರು ಎಲ್ಲದಾರ್ರಿ?"

"ಜಗಲಿ ಮೇಲೆ. ಬರೀತಾ ಇದ್ರು."

ನಾನು ಕೂತಲ್ಲಿಂದ ಎದ್ದು ನಿಂತೆ. "ಏನು ಬರೀತಾರ್ರಿ?"

"ಕಾಲು. ಬಲಗಾಲು. ನಾಲ್ಕು ದಿನ ಆತು, ಬರೀ ಬಲಗಾಲು."

"ಆ ಹೊಳೆ ದಾಟೋ ಪುಟದ ಮ್ಯಾಲೆ ಅಲ್ಲ ಹೌದಲ್ರೀ?"

ಅಕ್ಕೋರು ಫೋನು ಕಿವಿಯಿಂದ ತೆಗೆದು ಬಗ್ಗಿ ನೋಡಿರಬೇಕು, ದನಿ ದೂರವಾಗಿ ಮತ್ತೆ ಹತ್ತಿರ ಬಂತು.

"ಅಲ್ಲ. ಬೇರೆ ಹಾಳೆ ಮೇಲೆ," ಅಂದರು. "ಪುಟ ಪಕ್ಕದಲ್ಲಿದ್ದು."